ನಾಲ್ಕನೇ ಮಹಡಿಯ ಮೂರನೆಯ ಕಿಟಕಿ

ಇಟಲಿಯ ಬಾರಿ ಪಟ್ಟಣದಲ್ಲಿ ನಮ್ಮ ಜಾರ್ಜಿಯಾದವರು ಯಾರಾದರೂ ತೀರಿಕೊಂಡರೆ ಮೊದಲ ಫೋನು ಹೋಗುವುದು ಮಕ್ವಾಲಕ್ಕನಿಗೆ. ಪಾದ್ರಿಗೆ ಆಮೇಲೆ. ಅವಳು ತಾನು ನೋಡಿಕೊಳ್ಳುವ ಮುದುಕಿ ಫಿಲೊಮೇನಾಗೆ ಔಷಧಿ ಕುಡಿಸಿ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಕಪ್ಪು ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೋಗುತ್ತಾಳೆ. ಹೆಣಕ್ಕೆ ಸ್ನಾನ ಮಾಡಿಸುತ್ತಾಳೆ, ತಲೆ ಬಾಚುತ್ತಾಳೆ, ಕಾಗದಗಳಿಗೆ ಸಹಿ ಹಾಕುತ್ತಾಳೆ. ನಮ್ಮವರು ನಮ್ಮ ಮಣ್ಣಿಗೇ ಸೇರಬೇಕು. ಅಲ್ಲಿ ಊರಲ್ಲಿ ಮನೆಯ ಅಂಗಳದಲ್ಲಿ ಹೆಣಕ್ಕಾಗಿ ಬೆಂಚು ಹಾಕಿಕೊಂಡು ಕೂತವರನ್ನು ಹೆಚ್ಚು ದಿನ ಕಾಯಿಸಬಾರದು. ಹದಿನೇಳು ವರ್ಷಗಳಲ್ಲಿ ಹನ್ನೊಂದು ಜನರನ್ನು ಅವಳು ಹೀಗೆ ಕಳುಹಿಸಿದ್ದಳು. ಒಂದು ಹೆಣವೂ ಇಲ್ಲಿ ವಾರ ಮೀರಿ ಉಳಿದಿರಲಿಲ್ಲ. ಆ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಕೊನೆಯಲ್ಲಿ ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಸಾಯುವಾಗ ಮೈಮೇಲಿದ್ದ ಬಟ್ಟೆ. ಮಕ್ವಾಲಕ್ಕ ಅದನ್ನು ಹಾಗೇ ಊರಿಗೆ ಕಳುಹಿಸುವುದಿಲ್ಲ. ಬಚ್ಚಲಲ್ಲಿ ಕೂತು, ತಣ್ಣೀರಿಗೆ ಉಪ್ಪು ಹಾಕಿ, ನೀರು ತಿಳಿಯಾಗುವವರೆಗೂ ಕೈಯಲ್ಲೇ ಒಗೆಯುತ್ತಾಳೆ. ಇಸ್ತ್ರಿ ಮಾಡಿ, ಮಡಿಸಿ, ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಮೇಲೆ ಇಡುತ್ತಾಳೆ.

"ತಾಯಿ ಮುಚ್ಚಳ ತೆಗೆದಾಗ ಸೋಪಿನ ವಾಸನೆ ಬರ್ಬೇಕು ಕಣೇ ಇಯಾ," ಎಂದು ಒಮ್ಮೆ ನನಗೆ ಹೇಳಿದ್ದಳು. "ಇನ್ನೇನೂ ಬರಬಾರ್ದು."

ಹನ್ನೆರಡನೆಯವಳು ತೇಕ್ಲೆ. ಇಪ್ಪತ್ತೆರಡು ವರ್ಷ. ಮಕ್ವಾಲಕ್ಕನ ಊರಾದ ಜೆಸ್ತಪೋನಿಯ ಪಕ್ಕದ ಹಳ್ಳಿಯವಳು. ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು, ಒಂದು ಮುದಿ ದಂಪತಿಯ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುತ್ತಿದ್ದಳು. ಗುರುವಾರ ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುವಳು, ಶುಕ್ರವಾರ ಬೆಳಗ್ಗೆ ಪಾತ್ರೆ ಉಜ್ಜುವ ಮೊದಲು ಅಳಿಸುವಳು. ಪಾರ್ಕಿನ ಬೆಂಚಿನಲ್ಲಿ ಸೂರ್ಯಕಾಂತಿ ಬೀಜ ತಿಂದು ಸಿಪ್ಪೆಯನ್ನು ತನ್ನ ಜೇಬಿಗೇ ಹಾಕಿಕೊಳ್ಳುವಳು. ಇಟಲಿಯವರ ಈಸ್ಟರಿಗೆ ಹತ್ತು ದಿನ ಇರುವಾಗ, ಒಂದು ಗುರುವಾರ ಮಧ್ಯಾಹ್ನ ಮೂರೂವರೆಗೆ, ತಾನಿದ್ದ ಮನೆಯಿಂದ ಎಂಟು ಬೀದಿ ಆಚೆಗಿನ ಇನ್ನೊಂದು ಮನೆಯ ನಾಲ್ಕನೇ ಮಹಡಿಯ ಕಿಟಕಿಯಿಂದ ಅವಳು ಕೆಳಗೆ ಬಿದ್ದಳು.

ಗುರುವಾರ ಮಧ್ಯಾಹ್ನ ಎರಡರಿಂದ ನಮಗೆಲ್ಲ ಬಿಡುವು. ಮುದುಕರನ್ನು ಅವರ ಮಕ್ಕಳಿಗೆ ಒಪ್ಪಿಸಿ ನಾವು ಸ್ಟೇಷನ್ನಿನ ಎದುರಿನ ಪಾರ್ಕಿಗೆ ಬರುತ್ತೇವೆ. ಊರಿನ ವ್ಯಾನುಗಳು ತಂದ ಗಿಣ್ಣು, ಅಕ್ರೋಟು, ಪ್ಲಮ್ಮಿನ ಹುಳಿಯನ್ನು ಅಲ್ಲೇ ಹಂಚಿಕೊಳ್ಳುತ್ತೇವೆ. ಕೆಲವರು ಮಾತ್ರ ಆ ಬಿಡುವಿನಲ್ಲೂ ಬೇರೆ ಮನೆಗಳಿಗೆ ಹೋಗಿ ಎರಡು ಮೂರು ಗಂಟೆ ಕೆಲಸ ಮಾಡಿ ಬರುತ್ತಾರೆ. ಕಾಗದಪತ್ರವಿಲ್ಲದ ಕೆಲಸ. ಹಾಗಾಗಿ ಅದರ ಬಗ್ಗೆ ಯಾರೂ ಜೋರಾಗಿ ಮಾತಾಡುವುದಿಲ್ಲ. ಅಂಥ ಮನೆಗಳು ನಮ್ಮಲ್ಲಿ ಒಬ್ಬಳಿಂದ ಇನ್ನೊಬ್ಬಳಿಗೆ ದಾಟುತ್ತವೆ, ಅಕ್ಕನಿಗೆ ಗಿಡ್ಡವಾದ ಕೋಟು ತಂಗಿಗೆ ಬಂದ ಹಾಗೆ.

ತೇಕ್ಲೆಯನ್ನು ಮಕ್ವಾಲಕ್ಕ ಆರೇ ದಿನಗಳಲ್ಲಿ ಕಳುಹಿಸಿದಳು. ಈಸ್ಟರಿನ ರಜೆಗೆ ಕಚೇರಿಗಳು ಮುಚ್ಚುವ ಮೊದಲು ಆಗಬೇಕೆಂದು ಓಡಾಡಿದಳು. ಕಾಗದ ಕೊಟ್ಟಲ್ಲೆಲ್ಲ ಸಹಿ ಹಾಕಿದಳು. ಚೀಲದಲ್ಲಿದ್ದ ಅಂಗಿಯನ್ನು ಒಗೆದಳು. ಅದರ ತೋಳಿಗೆ ವಿನೆಗರಿನ ವಾಸನೆಯಿತ್ತು. ಪ್ಯಾಂಟಿನ ಜೇಬಿನಲ್ಲಿ ಒಂದು ಕೈಯ ರಬ್ಬರ್ ಗವಸು ಇತ್ತು. ಅದನ್ನು ಕಸಕ್ಕೆ ಹಾಕಿದಳು.

ಹೂಳಿದ ಮೂರನೆಯ ದಿನ ತೇಕ್ಲೆಯ ತಾಯಿ ನೋನಾ ಫೋನು ಮಾಡಿದಳು. ಅವತ್ತು ನಾನು ಮಕ್ವಾಲಕ್ಕನ ಅಡುಗೆಮನೆಯಲ್ಲಿದ್ದೆ. ಅವಳ ಕೈಯೆಲ್ಲ ಹಿಟ್ಟಾಗಿತ್ತು, ಸ್ಪೀಕರ್ ಹಾಕು ಎಂದಳು.

"ಮಕ್ವಾಲಾ, ಅವಳನ್ನ ಬೇಲಿ ಆಚೆ ಹೂತ್ರು."

"ಯಾವ ಬೇಲಿ ನೋನಾ?"

"ಸ್ಮಶಾನದ ಬೇಲಿ. ಇನ್ಯಾವುದು? ಪಾದ್ರಿ ಆ ಇಟಲಿ ಕಾಗದಾನ ಮೇಷ್ಟ್ರ ಹತ್ರ ಓದಿಸ್ದ. ತಾನೇ ಹಾರಿದಾಳೆ ಅಂತ ಇದೆಯಂತೆ. ತಾನಾಗೇ ಸತ್ತವಳಿಗೆ ಪ್ರಾರ್ಥನೆ ಮಾಡೋ ಹಾಗಿಲ್ಲ ಅಂದ. ಗಂಟೆ ಕೂಡ ಬಾರಿಸ್ಲಿಲ್ಲ."

ಮಕ್ವಾಲಕ್ಕ ಒಲೆ ಆರಿಸಿದಳು.

"ನನ್ನ ಮಗಳು ಹಾರಿದ್ಲಾ? ಹೇಳು. ಕಾಗದದ ಕೆಳಗೆ ನಿನ್ನ ಸಹಿ ಇದೆ ಅಂದ್ರು ಮೇಷ್ಟ್ರು. ನಮ್ಮ ಕಡೆಯಿಂದ ತಕರಾರಿಲ್ಲ ಅಂತ ನೀನೇ ಬರ್ಕೊಟ್ಟಿದೀಯಂತೆ. ನೀನು ಓದ್ದೇ ಸಹಿ ಹಾಕ್ತೀಯಾ?"

ಹೌದು, ಓದದೆಯೇ ಹಾಕಿದ್ದಳು. ಹನ್ನೊಂದು ಸಲವೂ ಹಾಗೆಯೇ ಹಾಕಿದ್ದಳು. ಹದಿನೇಳು ವರ್ಷದಲ್ಲಿ ಅವಳು ಕಲಿತ ಇಟಾಲಿಯನ್ ಭಾಷೆ ಮಾತ್ರೆ, ಸಾರು, ಮಲವಿಸರ್ಜನೆ, ಮಾರುಕಟ್ಟೆ ಇಷ್ಟರೊಳಗಿನದು. ಕಚೇರಿಯ ಭಾಷೆ ಅವಳಿಗೆ ಬರುವುದಿಲ್ಲ. ಕೇಳಿದ್ದರೆ ನಾನು ಓದಿ ಹೇಳುತ್ತಿದ್ದೆ. ಅಮ್ಮನ ಜೊತೆ ಹನ್ನೆರಡನೇ ವಯಸ್ಸಿಗೇ ಬಂದವಳು ನಾನು, ಇಲ್ಲೇ ಓದಿದವಳು. ಆದರೆ ಅವಳು ಅವಸರದಲ್ಲಿದ್ದಳು, ಹೆಣ ಕಾಯುತ್ತಿತ್ತು.

ಫೋನು ಇಟ್ಟ ಮೇಲೆ ಹಿಟ್ಟಿನ ಕೈಯಲ್ಲೇ ಹಣೆ ಹಿಡಿದುಕೊಂಡು ಕೂತಳು. ಆಮೇಲೆ ಎದ್ದು ಕೈ ತೊಳೆದಳು. ತುಂಬ ಹೊತ್ತು ತೊಳೆದಳು.

"ಅವಳ ಶೂ ಎಲ್ಲಿ?" ಎಂದಳು.

"ಯಾರ ಶೂ ಅಕ್ಕ?"

"ತೇಕ್ಲೆದು. ಚೀಲದಲ್ಲಿ ಶೂ ಇರ್ಲಿಲ್ಲ. ಕೋಟು ಹಾಕ್ಕೋ, ನಡಿ."

ತೇಕ್ಲೆ ಬಿದ್ದ ಆ ಮನೆ ಲೊಯಾಕೊನೊ ಎಂಬುವವರದು. ಗೇಟಿನ ಗುಂಡಿ ಒತ್ತಿದಾಗ ಯಜಮಾನಿಯ ದನಿ ಕಬ್ಬಿಣದ ಜಾಲರಿಯೊಳಗಿಂದ ಬಂತು. ತೇಕ್ಲೆಯ ಕಡೆಯವರು ಎಂದೆ.

"ಅಯ್ಯೋ ಪಾಪ," ಎಂದಿತು ದನಿ. "ಪೊಲೀಸಿನವ್ರಿಗೆ ಎಲ್ಲಾ ಹೇಳಿದೀನಿ. ಅವತ್ತು ಸುಮ್ನೆ ಮಾತಾಡ್ಸೋಕೆ ಬಂದಿದ್ಲು. ಮುಖ ಸಪ್ಪಗಿತ್ತು. ಯಾವನೋ ಹುಡುಗನ ವಿಷ್ಯ ಇರ್ಬೇಕು. ಕಾಫಿ ಮಾಡ್ತೀನಿ ಕೂತ್ಕೋ ಅಂತ ಒಳಗೆ ಹೋದೆ, ಅಷ್ಟರಲ್ಲಿ..."

"ಶೂ ಕೇಳು," ಎಂದಳು ಮಕ್ವಾಲಕ್ಕ.

ಕೇಳಿದೆ.

"ಲಿಫ್ಟಿನಲ್ಲಿ ಇಳಿಸ್ತೀನಿ. ಮೇಲೆ ಬರೋ ತೊಂದ್ರೆ ತಗೋಬೇಡಿ."

ಗೇಟು ಟಕ್ಕೆಂದು ತೆರೆಯಿತು. ಲಿಫ್ಟು ಕೆಳಗಿಳಿಯುವ ದೀಪ ನಾಲ್ಕು, ಮೂರು, ಎರಡು ಎಂದು ಬಂತು. ಬಾಗಿಲು ಸರಿದಾಗ ಒಳಗೆ ಯಾರೂ ಇರಲಿಲ್ಲ. ನೆಲದ ಮೇಲೆ ಒಂದು ಜೊತೆ ಬಿಳಿ ಶೂ, ಒಂದಕ್ಕೊಂದು ತಾಗಿಕೊಂಡು. ಒಂದರೊಳಗೆ ಮಡಿಸಿದ ಕಾಲುಚೀಲ.

ಮಕ್ವಾಲಕ್ಕ ಅವನ್ನು ಎದೆಗಪ್ಪಿಕೊಂಡು ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತಳು.

"ಇಲ್ಲಿನವರ ಮನೆಗೆ ನೆಂಟರಾಗಿ ಹೋದ್ರೆ ಶೂ ಬಿಚ್ತೀವಾ? ಬಿಚ್ಚಿದ್ರೆ ಮೂಗು ಮುಚ್ಕೋತಾರೆ. ಕೆಲಸಕ್ಕೆ ಹೋದವಳು ಬಿಚ್ತಾಳೆ. ಬಿಚ್ಚಿ, ಕಾಲುಚೀಲ ಮಡಿಸಿಟ್ಟು, ಚೀಲದಿಂದ ತನ್ನ ರಬ್ಬರ್ ಚಪ್ಪಲಿ ತೆಗೆದು ಹಾಕ್ಕೋತಾಳೆ. ಮೇಲೆ ನೋಡು."

ನೋಡಿದೆ. ನಾಲ್ಕನೇ ಮಹಡಿಯಲ್ಲಿ ರಸ್ತೆಗೆ ಮೂರು ಕಿಟಕಿಗಳು, ಆಳೆತ್ತರದವು. ಆಫ್ರಿಕಾದ ಕಡೆಯಿಂದ ಬೀಸುವ ಗಾಳಿ ತೇಕ್ಲೆ ಬೀಳುವ ಮುಂಚಿನ ದಿನಗಳಲ್ಲಿ ಊರಿನ ಗಾಜುಗಳಿಗೆಲ್ಲ ಕೆಂಧೂಳು ಬಳಿದಿತ್ತು. ಈ ಮನೆಯ ಮೊದಲಿನ ಎರಡು ಕಿಟಕಿಗಳಲ್ಲಿ ಮಾತ್ರ ಆಕಾಶ ಇದ್ದ ಹಾಗೇ ಕಾಣುತ್ತಿತ್ತು. ಮೂರನೆಯದರಲ್ಲಿ ಮೇಲಿನ ಅರ್ಧ ಆಕಾಶ, ಕೆಳಗಿನ ಅರ್ಧ ಧೂಳು. ನಡುವೆ ಬಟ್ಟೆ ಎಳೆದ ಒಂದು ಗೆರೆ, ಬಲಕ್ಕೆ ಹೋಗುತ್ತಾ ಹೋಗುತ್ತಾ ಅಲ್ಲೇ ನಿಂತಿತ್ತು.

"ಅಲ್ಲಿವರೆಗೆ ಒರೆಸಿದಾಳೆ," ಎಂದಳು ಮಕ್ವಾಲಕ್ಕ.

ಫೋಟೋ ತೆಗೆಯಬೇಕಿತ್ತು. ನನಗೆ ಹೊಳೆಯಲಿಲ್ಲ. ಅದಕ್ಕಾಗಿ ಈಗಲೂ ನನ್ನನ್ನು ನಾನು ಕ್ಷಮಿಸಿಲ್ಲ.

ಮರುದಿನ ಪೊಲೀಸ್ ಠಾಣೆಗೆ ಹೋದೆವು. ಅಧಿಕಾರಿ ಒಳ್ಳೆಯ ಮಾತಿನವನು, ಕುರ್ಚಿ ಎಳೆದುಕೊಟ್ಟ. ಮಕ್ವಾಲಕ್ಕ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದಳು, ನಾನು ಇಟಾಲಿಯನ್ನಿನಲ್ಲಿ ಹೇಳುತ್ತಿದ್ದೆ.

"ಕೇಳು ಇವನನ್ನ: ಅರ್ಧ ಒರೆಸಿದ ಗಾಜು ಕಣ್ಣಿಗೆ ಬೀಳ್ಲಿಲ್ವಾ? ಅಥವಾ ನಮ್ಮ ಹುಡುಗೀರು ಬಿದ್ರೆ ತಲೆ ಎತ್ತಿ ನೋಡ್ಬಾರ್ದು ಅಂತ ನಿಮಗೆ ಮೇಲಿಂದ ಅಪ್ಪಣೆ ಆಗಿದೆಯಾ?"

"ಗಾಜನ್ನ ಒಂದ್ಸಲ ಪರಿಶೀಲಿಸೋಕಾಗುತ್ತಾ ಅಂತ ಕೇಳ್ತಿದಾರೆ," ಎಂದೆ ನಾನು.

ಮಕ್ವಾಲಕ್ಕ ತಿರುಗಿ ನನ್ನನ್ನು ನೋಡಿದಳು. "ನಾನು ಹೇಳಿದ್ದು ಅಷ್ಟು ಸಣ್ಣದಾಗಿರ್ಲಿಲ್ಲ. ಪೂರ್ತಿ ಹೇಳು."

"ಅಕ್ಕ, ಇವರು ಸಿಟ್ಟಾಗ್ತಾರೆ."

"ಆಗ್ಲಿ. ನಾನು ಆಗಿದೀನಲ್ಲ."

ಪೂರ್ತಿ ಹೇಳಿದೆ. ನನ್ನ ಕಿವಿ ಬಿಸಿಯಾಯಿತು. ಅಧಿಕಾರಿ ಸಿಟ್ಟಾಗಲಿಲ್ಲ, ಫೈಲು ತೆರೆದ. "ಅಮ್ಮಾ, ಅವತ್ತು ಗುರುವಾರ. ಗುರುವಾರ ಮಧ್ಯಾಹ್ನ ನಿಮಗೆಲ್ಲ ರಜೆ. ಕಾನೂನಲ್ಲೇ ಇದೆ, ನೀವೇ ಹೋರಾಡಿ ತಗೊಂಡಿದ್ದು. ರಜೆ ದಿನ ಯಾರಾದ್ರೂ ಇನ್ನೊಬ್ಬರ ಮನೆ ಕಿಟಕಿ ಒರೆಸ್ತಾರಾ?"

"ಒರೆಸ್ತೀವಿ," ಎಂದಳು ಮಕ್ವಾಲಕ್ಕ ಅವನ ಭಾಷೆಯಲ್ಲೇ.

"ಯಾರು? ಒಬ್ಬರ ಹೆಸರು ಹೇಳಿ. ಆ ಮನೇಲಿ ಅವಳು ಕೆಲಸ ಮಾಡ್ತಿದ್ಲು ಅನ್ನೋಕೆ ಒಂದು ಕಾಗದ ತೋರಿಸಿ."

"ಶೂ ಬಿಚ್ಚಿಟ್ಟಿದ್ಲು."

"ನಿಮ್ಮಲ್ಲಿ ಮನೆಯೊಳಗೆ ಶೂ ಬಿಚ್ಚೋದು ಪದ್ಧತಿ ಅಲ್ವಾ? ನನಗೆ ಗೊತ್ತು. ನಮ್ಮಮ್ಮನ್ನ ನೋಡ್ಕೊಳ್ಳೋದೂ ನಿಮ್ಮವಳೇ."

"ಅವಳ ಅಂಗಿಗೆ ವಿನೆಗರ್ ವಾಸನೆ ಇತ್ತು. ಗಾಜಿಗೆ ಹಚ್ಚೋದು. ಜೇಬಲ್ಲಿ ಗವಸು ಇತ್ತು."

ಅಧಿಕಾರಿ ಪೆನ್ನು ಎತ್ತಿಕೊಂಡ. "ಅದು ಬೇಕು. ಆ ಬಟ್ಟೆ ಎಲ್ಲಿದೆ?"

ಅವನು ನನ್ನ ಮುಖ ನೋಡಿದ. ನಾನು ಮಕ್ವಾಲಕ್ಕನ ಮುಖ ನೋಡಿದೆ.

"ಒಗೆದೆ," ಎಂದಳು ಕೊನೆಗೆ.

"ಯಾಕೆ?"

ಯಾಕೆಂದು ಹೇಳಲು ಅವನ ಭಾಷೆಯಲ್ಲಿ ಅವಳಿಗೂ ಪದ ಸಿಗಲಿಲ್ಲ, ನನಗೂ ಸಿಗಲಿಲ್ಲ. ಅವನು ಪೆನ್ನಿನ ಮುಚ್ಚಳ ಹಾಕಿದ. ಈಗ ವಿಷಯ ಸರ್ಕಾರಿ ವಕೀಲರ ಕಚೇರಿಯಲ್ಲಿದೆ, ಇನ್ನು ಹದಿನೈದು ದಿನದಲ್ಲಿ ಫೈಲು ಮುಚ್ಚುತ್ತದೆ, ಆ ಮನೆಯಲ್ಲಿ ಕೆಲಸ ಮಾಡಿದವರೊಬ್ಬರು ಬಂದು ಹೇಳಿಕೆ ಕೊಟ್ಟರೆ ಬೇರೆ ಮಾತು ಎಂದ. ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ಹೊರಗೆ ಮೆಟ್ಟಿಲ ಮೇಲೆ ಅವಳು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಬೆರಳ ತುದಿಗಳು ಒಗೆಯುವ ಸೋಡಾ ತಗುಲಿ ಬಿರಿದಿದ್ದವು. "ಸಿಕ್ಕಿದ್ದನ್ನೆಲ್ಲ ತೊಳ್ದುಬಿಡ್ತೀವಲ್ಲೇ," ಎಂದಳು. "ಹೊಲಸು ನೋಡಿದ್ರೆ ಸಾಕು. ಯಾರದ್ದು, ಯಾಕೆ ಅಂತ ಕೇಳೋದೇ ಇಲ್ಲ."

ಆ ಮನೆ ತೇಕ್ಲೆಗೆ ಸಿಯಾಲಾಳಿಂದ ಬಂದಿತ್ತೆಂದು ನಮಗೆಲ್ಲ ಗೊತ್ತು. ಸಿಯಾಲಾಗೆ ನಲವತ್ತೈದು, ದಪ್ಪ ಜಡೆ, ತುಂಬ ನಗುವವಳು. ಆರು ವರ್ಷ ಆ ಮನೆಯ ನೆಲ, ಕಿಟಕಿ ಒರೆಸಿ, ಹೋದ ಚಳಿಗಾಲದಲ್ಲಿ ಸೊಂಟ ನೋವೆಂದು ತೇಕ್ಲೆಗೆ ಬಿಟ್ಟುಕೊಟ್ಟಿದ್ದಳು. ಹೇಳಿಕೆ ಕೊಡಬಲ್ಲವಳು ಅವಳು. ಮಕ್ವಾಲಕ್ಕ ಅವಳಿಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡಿದಳು. ಅವಳು ಎತ್ತಲಿಲ್ಲ.

ಅಷ್ಟರಲ್ಲಿ ಮಕ್ವಾಲಕ್ಕ ತರಕಾರಿಗೆ ಹೋದಾಗಲೆಲ್ಲ ಸುತ್ತು ಬಳಸಿ ಲೊಯಾಕೊನೊ ಮನೆಯ ಎದುರು ನಿಲ್ಲುತ್ತಿದ್ದಳು. ಒಂದು ಮಂಗಳವಾರ ನಿಂತಾಗ ಮೂರನೆಯ ಕಿಟಕಿ ಪೂರ್ತಿ ಹೊಳೆಯುತ್ತಿತ್ತು. ಗೇಟು ತೆರೆಯಿತು. ಕೈಯಲ್ಲಿ ಚಪ್ಪಲಿಯ ಚೀಲ ಹಿಡಿದು ಸಿಯಾಲಾ ಹೊರಗೆ ಬಂದಳು. ರಸ್ತೆಯ ಆಚೆ ನಿಂತಿದ್ದ ಮಕ್ವಾಲಕ್ಕನನ್ನು ನೋಡಿ, ಬಸ್ಸು ಹಿಡಿಯುವವಳ ಹಾಗೆ ಓಡಿದಳು. ಅಲ್ಲಿ ಬಸ್ಸೇ ಬರುವುದಿಲ್ಲ.

ಗುರುವಾರ ಪಾರ್ಕಿನಲ್ಲಿ ಬೆಂಚುಗಳ ಮೇಲೆ ಮೂವತ್ತು ನಲವತ್ತು ಹೆಂಗಸರಿದ್ದರು. ವ್ಯಾನಿನ ಹಿಂಬಾಗಿಲು ತೆರೆದಿತ್ತು, ಯಾರೋ ಗಿಣ್ಣಿನ ಡಬ್ಬಿಗೆ ಹೆಸರು ಕೂಗುತ್ತಿದ್ದರು. ಸಿಯಾಲಾ ಬಂದಿದ್ದಳು. ಬಾರದಿದ್ದರೆ ಇನ್ನೂ ಹೆಚ್ಚು ಮಾತಾಗುತ್ತದೆಂದು ಬಂದಿರಬೇಕು. ಮಕ್ವಾಲಕ್ಕ ನೇರವಾಗಿ ಅವಳ ಮುಂದೆ ಹೋಗಿ ನಿಂತಳು.

"ಚೆನ್ನಾಗಿ ಹೊಳೀತಿದೆ ಗಾಜು. ಯಾವ ಬಟ್ಟೆಲಿ ಒರೆಸ್ದೆ?"

"ಇಲ್ಲಿ ಬೇಡ ಅಕ್ಕ."

"ಇಲ್ಲೇ ಬೇಕು. ಹುಡುಗಿ ಬಿಟ್ಟುಹೋದ ಗೆರೆ ಇತ್ತಲ್ಲೇ ಅಲ್ಲಿ. ಅವಳು ಬದುಕಿದ್ಲು ಅನ್ನೋದಕ್ಕೆ ಈ ಊರಲ್ಲಿ ಉಳಿದಿದ್ದು ಅದೊಂದೇ. ಅದರ ಮೇಲೂ ಕೈ ಆಡಿಸಿಬಿಟ್ಯಲ್ಲ."

"ಯಜಮಾನಿ ಕರೆದ್ಲು, ಹೋದೆ. ಕೆಲಸದ ಒಪ್ಪಂದ ಬರ್ಕೊಡ್ತೀನಿ ಅಂದಿದಾಳೆ. ಅದಿದ್ರೆ ನನಗೆ ಇಲ್ಲಿರೋ ಪರವಾನಗಿ ಸಿಗುತ್ತೆ. ಏಳು ವರ್ಷ ಆಯ್ತು ಅಕ್ಕ, ನಾನು ಊರಿಗೆ ಹೋಗಿಲ್ಲ. ಹೋದ್ರೆ ವಾಪಸ್ ಬರೋ ಹಾಗಿಲ್ಲ. ಮಗನ ಮದುವೆನ ಫೋನಲ್ಲಿ ನೋಡ್ದೆ."

"ನೋನಾ ಮಗಳ ಮಣ್ಣನ್ನ ಬೇಲಿ ಆಚೆ ನಿಂತು ನೋಡಿದ್ಲು! ನಿನ್ನ ಬಾಯಿಂದ ಒಂದು ಮಾತು ಬೇಕು, ಒಂದೇ ಮಾತು. ಆ ಮನೇಲಿ ಕಿಟಕಿ ಹೊರಗೆ ನಿಲ್ಲಿಸ್ತಾರೆ ಅಂತ."

"ನನಗೆ ಏನೂ ಗೊತ್ತಿಲ್ಲ."

"ಥೂ ನಿನ್ನ! ಸೊಂಟ ನೋವಂತೆ ಸೊಂಟ! ಭಯ ಆಯ್ತು ನಿನಗೆ. ಭಯ ಆಗಿದ್ದನ್ನ ಇಪ್ಪತ್ತೆರಡು ವರ್ಷದವಳ ತಲೆಗೆ ಕಟ್ಟಿ ಕೈ ತೊಳ್ಕೊಂಡೆ. ಕೊಲೆಗಾತಿ ನೀನು."

ಗಿಣ್ಣಿನ ಡಬ್ಬಿಗೆ ಹೆಸರು ಕೂಗುವುದು ನಿಂತಿತ್ತು. ಸಿಯಾಲಾ ಎದ್ದು ನಿಂತಳು. ಅವಳ ಮುಖದಲ್ಲಿ ನಗುವಿನ ಗೆರೆಗಳೆಲ್ಲ ಇದ್ದವು, ನಗು ಇರಲಿಲ್ಲ.

"ಹೌದು, ಭಯ ಆಯ್ತು. ಆದ್ರೆ ನನಗೆ ಆ ಮನೆ ಕೊಟ್ಟಿದ್ದು ಯಾರು? ಎಲ್ಲರಿಗೂ ಹೇಳು ಮಕ್ವಾಲಾ." ಅಕ್ಕ ಎನ್ನುವುದನ್ನು ಅವಳು ಬಿಟ್ಟಿದ್ದಳು. "ಐದು ವರ್ಷ ಆ ಕಿಟಕಿ ಒರೆಸಿ, ಫಿಲೊಮೇನಾ ಮನೆ ಸಿಕ್ಕ ಮೇಲೆ ನನಗೆ ದಾಟಿಸಿದ್ದು ಯಾರು? ಮೊದಲ ದಿನ ನನ್ನ ಕೈ ಹಿಡಿದು ಕಿಟಕಿ ಹೊರಗಿನ ಕಲ್ಲಿನ ಅಂಚಿನ ಮೇಲೆ ನಿಲ್ಲಿಸಿದ್ದು ಯಾರು? 'ಏನೂ ಆಗಲ್ಲ, ಒಂದು ಕೈಯಲ್ಲಿ ಕದ ಹಿಡ್ಕೋ, ಕೆಳಗೆ ಮಾತ್ರ ನೋಡ್ಬೇಡ' ಅಂದಿದ್ದು ಯಾರು? ಆ ಮಾತನ್ನೇ ನಾನು ಆ ಹುಡುಗಿಗೆ ಹೇಳಿಕೊಟ್ಟೆ. ಒಂದಕ್ಷರ ಬದಲಾಯಿಸ್ಲಿಲ್ಲ. ನನ್ನ ಬಾಯಿ ಯಾಕೆ ಬೇಕು ನಿನಗೆ? ನಿನ್ನ ಬಾಯಿಗೆ ಏನಾಗಿದೆ?"

ನನಗೆ ಈ ವಿಷಯ ಗೊತ್ತಿರಲಿಲ್ಲ. ಅಲ್ಲಿ ಕೂತಿದ್ದ ಹಳಬರಲ್ಲಿ ಕೆಲವರಿಗೆ ಗೊತ್ತಿತ್ತೆಂದು ಅವರು ತಲೆ ತಗ್ಗಿಸಿದ ರೀತಿಯಲ್ಲೇ ತಿಳಿಯಿತು. ಮಕ್ವಾಲಕ್ಕ ಪಾರ್ಕಿನಿಂದ ಹೊರಗೆ ನಡೆದಳು. ನಾನು ಹಿಂದೆ ಹೋದೆ.

ಅವಳು ವೇಗವಾಗಿ ನಡೆಯುತ್ತಿದ್ದಳು. ಸಮುದ್ರದ ಕಡೆಯ ಗೋಡೆ ಸಿಕ್ಕಿದಾಗ ಮಾತ್ರ ನಿಂತಳು. ಊರಲ್ಲಿ ಅವಳು ಲೋಹದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದಳು, ಎಂಟು ವರ್ಷ. ಕಾರ್ಖಾನೆ ನಿಂತುಹೋಗಿ ದೇಶವೇ ಕತ್ತಲಾದಾಗ ಸಂತೆಯಲ್ಲಿ ಮೇಣದಬತ್ತಿ ಮಾರಿದಳು, ಗಂಡನನ್ನು ಹೂತಳು, ಇಬ್ಬರು ಹೆಣ್ಣುಮಕ್ಕಳನ್ನು ಅವ್ವನಿಗೆ ಒಪ್ಪಿಸಿ ಇಲ್ಲಿಗೆ ಬಂದಳು. ಕ್ರೇನಿನ ಕತೆಯನ್ನು ನಾವೆಲ್ಲ ಕೇಳಿದ್ದೆವು. ಮೇಲಿಂದ ಮನುಷ್ಯರ ಟೋಪಿಗಳು ಮಾತ್ರ ಕಾಣುತ್ತವೆ ಎಂದು ನಗಿಸುತ್ತಿದ್ದಳು.

"ಎತ್ತರ ಅಂದ್ರೆ ನನಗೆ ಏನೂ ಅನ್ನಿಸ್ತಿರ್ಲಿಲ್ಲ ಕಣೇ," ಎಂದಳು ಗೋಡೆಗೆ ಒರಗಿ. "ಆ ಕಲ್ಲು ಒಂದು ಗೇಣಗಲ ಇದೆ. ಗೇಣಗಲ ಸಾಕಲ್ಲ ಅಂತ ಅನ್ಕೊಂಡಿದ್ದೆ. ಕ್ರೇನಲ್ಲಿ ನಮಗೆ ಬೆಲ್ಟು ಕಟ್ತಿದ್ರು. ಕಟ್ಕೊಳ್ಳದೆ ಹತ್ತಿದ್ರೆ ಮೇಸ್ತ್ರಿ ಬೈದು ಇಳಿಸ್ತಿದ್ದ. ಇಲ್ಲಿಗೆ ಬಂದು ಬೆಲ್ಟು ಅನ್ನೋದೇ ಮರೆತುಹೋಯ್ತು. ಕೇಳಬಹುದು ಅಂತಾನೂ ಮರೆತುಹೋಯ್ತು. ನಾನು ಸಿಯಾಲಾಗೆ ಕೂಗಾಡಿದ್ನಲ್ಲ, ಯಾರ ಮೇಲಿನ ಸಿಟ್ಟದು?"

"ನೀನು ಬೇಕು ಅಂತ ಮಾಡಿದ್ದಲ್ಲ ಅಕ್ಕ."

"ಸಮಾಧಾನ ಮಾಡ್ಬೇಡ. ಸಮಾಧಾನ ಆದ್ರೆ ಮಲಗಿಬಿಡ್ತೀನಿ."

ನಾವು ಫಿಲೊಮೇನಾ ಮನೆ ತಲುಪಿದಾಗ ಮುದುಕಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದಳು. ತೊಂಬತ್ತೊಂದು ವರ್ಷ. ಬೈಗುಳದಲ್ಲೇ ಪ್ರೀತಿ ಮಾಡುವವಳು.

"ಬಂದ್ಯಾ? ಮುಖ ಯಾಕೆ ಹಾಗೆ? ನಾನಿನ್ನೂ ಸತ್ತಿಲ್ಲ, ಆ ಮುಖ ಆವತ್ತಿಗೆ ಇಟ್ಕೋ."

"ನಾಳೆ ಸರ್ಕಾರಿ ವಕೀಲರ ಕಚೇರಿಗೆ ಹೋಗ್ತಿದೀನಿ," ಎಂದಳು ಮಕ್ವಾಲಕ್ಕ. "ಕಾಗದ ಇಲ್ಲದೆ ಕೆಲಸ ಮಾಡಿದ್ದನ್ನೆಲ್ಲ ಹೇಳ್ಬೇಕಾಗುತ್ತೆ. ನಿಮ್ಮ ಮನೇಲಿ ಮೊದಲ ಎರಡು ವರ್ಷ ಮಾಡಿದ್ದೂ ಅದ್ರಲ್ಲಿ ಬರಬಹುದು. ನಿಮ್ಮ ಮಗ ನನ್ನನ್ನ ಕೆಲಸದಿಂದ ತೆಗೀಬಹುದು."

"ಆ ಬಿದ್ದ ಹುಡುಗಿಗಾಗಿಯಾ? ಕಿಟಕಿ ಹೊರಗೆ ಯಾಕೆ ನಿಂತ್ಲು ಹುಚ್ಚಿ?"

ಮಕ್ವಾಲಕ್ಕ ಮುದುಕಿಯ ಪಾದದಿಂದ ಕಾಲುಚೀಲ ಎಳೆಯುತ್ತಿದ್ದಳು. ಕೈ ನಿಂತಿತು.

"ಈ ಕಿಟಕಿಗಳ ಹೊರಗಡೆ ಗಾಜನ್ನ ಇಷ್ಟು ವರ್ಷ ಯಾರು ಒರೆಸಿದ್ದು?"

"ನೀನು."

"ಎಲ್ಲಿ ನಿಂತು?"

ಮುದುಕಿ ಕಿಟಕಿಯ ಕಡೆ ನೋಡಿದಳು. "ನನಗೆ ಗೊತ್ತಾಗ್ಲಿಲ್ಲ," ಎಂದಳು.

"ನೀವು ಆ ಕುರ್ಚೀಲೇ ಕೂತಿರ್ತಿದ್ರಿ. ಮೂಲೇಲಿ ಕಲೆ ಉಳ್ದಿದೆ ಅಂತಿದ್ರಿ."

ಮಕ್ವಾಲಕ್ಕ ಬಿಸಿನೀರು ತಂದು ಮುದುಕಿಯ ಕಾಲು ತೊಳೆದಳು, ಬೆರಳ ಸಂದುಗಳನ್ನು ಒಣಬಟ್ಟೆಯಲ್ಲಿ ಒತ್ತಿದಳು. ಅವತ್ತು ಅದನ್ನು ಪ್ರೀತಿಯಿಂದ ಮಾಡಿದಳೆಂದು ನಾನು ಹೇಳಲಾರೆ.

ಸರ್ಕಾರಿ ವಕೀಲರ ಕಚೇರಿ ಮೂರನೇ ಮಹಡಿಯಲ್ಲಿತ್ತು. ಹೇಳಿಕೆ ಬರೆದುಕೊಳ್ಳಲು ಒಬ್ಬ ಯುವಕ ಕೂತಿದ್ದ. ಕಂಪ್ಯೂಟರಿನ ಪಕ್ಕ ಅರ್ಧ ತಿಂದ ಬ್ರೆಡ್ಡು. ಊಟದ ಹೊತ್ತಾಗುತ್ತಿತ್ತು. ಮಕ್ವಾಲಕ್ಕ ಕಪ್ಪು ಕೋಟಿನಲ್ಲಿ ಕೂತು, ತಾನು ಐದು ವರ್ಷ ಆ ಮನೆಯಲ್ಲಿ ಕೆಲಸ ಮಾಡಿದ್ದು, ಪ್ರತಿ ಈಸ್ಟರಿಗೆ, ಪ್ರತಿ ಕ್ರಿಸ್‌ಮಸ್ಸಿಗೆ ಮೂರು ಕಿಟಕಿ ಒರೆಸಿದ್ದು, ಅದು ಗುರುವಾರ ಮಧ್ಯಾಹ್ನವೇ ಆಗಿದ್ದು, ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯ ಕಾಗದಕ್ಕೆ ಓದದೆ ಸಹಿ ಹಾಕಿದ್ದನ್ನೂ ಬಟ್ಟೆ ಒಗೆದದ್ದನ್ನೂ ಬಿಡಲಿಲ್ಲ. ಯುವಕ ಕೇಳಿಸಿಕೊಂಡ. ಬರೆದುಕೊಳ್ಳಲಿಲ್ಲ.

"ಅಮ್ಮಾ, ಇದು ಹಳೇ ಮಾತು," ಎಂದ. "ನೀವು ಮಾಡ್ತಿದ್ರಿ ಅಂದ್ರೆ ಆ ಹುಡುಗಿನೂ ಮಾಡ್ತಿದ್ಲು ಅಂತ ಆಗಲ್ಲ. ಮನೆಯವರು ಹೇಳ್ತಾರೆ, ಆ ಗಾಜುಗಳನ್ನ ಒಳಗಿಂದಲೇ ಒರೆಸಬಹುದು, ಹೊರಗೆ ಹೋಗೋ ಅಗತ್ಯವೇ ಇಲ್ಲ, ಹೊರಗೆ ನಿಲ್ಲೋಕೆ ಜಾಗವೂ ಇಲ್ಲ ಅಂತ. ಸಾಯೋ ಉದ್ದೇಶ ಇಲ್ಲದೆ ಯಾರೂ ಅಲ್ಲಿ ಕಾಲಿಡೋಕೆ ಸಾಧ್ಯ ಇಲ್ಲ ಅಂತ ಬರೆದುಕೊಟ್ಟಿದಾರೆ."

ನಾನು ಇದನ್ನು ಅವಳಿಗೆ ನಮ್ಮ ಭಾಷೆಯಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು. ಬಗ್ಗಿ ಶೂಗಳ ದಾರ ಬಿಚ್ಚತೊಡಗಿದಳು.

"ಏನ್ ಮಾಡ್ತಿದಾರೆ ಇವ್ರು?" ಎಂದ ಯುವಕ.

ಅವನ ಬೆನ್ನ ಹಿಂದೆ ಕಿಟಕಿಯಿತ್ತು. ಹಳೆಯ ಕಟ್ಟಡ, ಆಳೆತ್ತರದ ಕಿಟಕಿ, ಹೊರಗೆ ಒಂದು ಗೇಣಿನ ಕಲ್ಲು. ಮಕ್ವಾಲಕ್ಕ ಶೂ ಬಿಚ್ಚಿ ಕುರ್ಚಿಯ ಕೆಳಗಿಟ್ಟಳು. ಕಿಟಕಿಯ ಎರಡು ಕದಗಳಲ್ಲಿ ಒಂದನ್ನು ತೆರೆದಳು. ಕುರ್ಚಿ ಎಳೆದು, ಮೊಣಕಾಲಿಗೆ ಕೈ ಊರಿ ಹತ್ತಿದಳು. ಐವತ್ತೆಂಟರ ಮೊಣಕಾಲು ಲಟಕ್ಕೆಂದಿತು. ನಾನು ಅಕ್ಕಾ ಎನ್ನುವಷ್ಟರಲ್ಲಿ ಒಂದು ಕಾಲು ಹೊರಗಿತ್ತು, ಆಮೇಲೆ ಇನ್ನೊಂದು. ಕದದ ಅಂಚನ್ನು ಎಡಗೈಯಲ್ಲಿ ಹಿಡಿದು, ಬೀದಿಗೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ಅವಳು ಗಾಜಿನ ಆಚೆ ನಿಂತಳು. ಬಲಗೈಯನ್ನು ಗಾಜಿನ ಮೇಲಿಟ್ಟು ಮೇಲಿಂದ ಎಳೆಯತೊಡಗಿದಳು, ಎಡದಿಂದ ಬಲಕ್ಕೆ. ಅವಳ ಕೋಟಿನ ಅಂಚು ಗಾಳಿಗೆ ಹೊಡೆದುಕೊಳ್ಳುತ್ತಿತ್ತು.

ಯುವಕ ಕುರ್ಚಿ ಬೀಳಿಸಿಕೊಂಡು ಎದ್ದಿದ್ದ. "ಇಳೀರಿ! ಅಮ್ಮಾ, ಒಳಗೆ ಬನ್ನಿ! ಯಾರಾದ್ರೂ ಬನ್ನಿ ಇಲ್ಲಿ!"

"ನಾನು ಸಾಯೋಕೆ ನಿಂತಿದೀನಾ ಕೇಳು," ಎಂದಳು ಅವಳು ನನಗೆ. ದನಿ ಏರಿರಲಿಲ್ಲ.

ಕೇಳಿದೆ.

"ಇಲ್ಲ, ಇಲ್ಲ. ದಯವಿಟ್ಟು ಒಳಗೆ ಬನ್ನಿ."

"ನಿಲ್ಲೋಕೆ ಜಾಗ ಇದೆಯಾ ಕೇಳು."

"ಇದೆ, ಕಾಣ್ತಿದೆ, ಬನ್ನಿ ಅಮ್ಮಾ."

"ಹೀಗೇ ಐದು ವರ್ಷ ನಿಂತಿದೀನಿ. ಆ ಹೆಂಗಸು ಒಳಗೆ ಕೂತು, ಮೂಲೇಲಿ ಇನ್ನೂ ಸ್ವಲ್ಪ ಉಳೀತು ಅಂತಿದ್ಲು. ಇಳಿ ಅಂತ ಒಂದ್ಸಲವೂ ಅನ್ಲಿಲ್ಲ. ಇವನು ಎರಡು ನಿಮಿಷಕ್ಕೆ ಇಷ್ಟು ಸಲ ಅಂದ. ಬರ್ಕೋ ಅಂತ ಹೇಳು ಇಯಾ. ಬರೆದಾದ ಮೇಲೆ ಬರ್ತೀನಿ."

ಬಾಗಿಲಲ್ಲಿ ಜನ ಸೇರಿದ್ದರು. ಯಾರೋ ಮುಂದೆ ಬರಲು ನೋಡಿದರು, ಯುವಕ ಕೈ ಅಡ್ಡ ಹಿಡಿದು ತಡೆದ. ಬಿದ್ದ ಕುರ್ಚಿಯನ್ನು ಎತ್ತದೆ, ನಿಂತುಕೊಂಡೇ ಟೈಪ್ ಮಾಡತೊಡಗಿದ. ಒಂದೊಂದು ಸಾಲಿಗೂ ತಲೆ ಎತ್ತಿ ಕಿಟಕಿಯನ್ನು ನೋಡುತ್ತಿದ್ದ. ಸಾಕ್ಷಿದಾರಳು ಅದೇ ಮನೆಯಲ್ಲಿ ಅದೇ ಕಿಟಕಿಗಳನ್ನು ಹೊರಗಿನಿಂದ ಒರೆಸಿದ್ದಾಳೆ ಎಂದು ಬರೆದ. ನಿಂತ ರೀತಿಯನ್ನು ನನ್ನ ಸಮಕ್ಷಮ ತೋರಿಸಿದ್ದಾಳೆ ಎಂದು ಬರೆದ. ಮೃತಳು ಸ್ವಂತ ಇಚ್ಛೆಯಿಂದ ಹಾರಿದಳೆಂಬುದನ್ನು ಮರುಪರಿಶೀಲಿಸಬೇಕು, ಕೆಲಸದ ವೇಳೆ ಬಿದ್ದಿರುವ ಸಾಧ್ಯತೆಯ ಬಗ್ಗೆ ವಿಚಾರಣೆ ಆಗಬೇಕು ಎಂದು ಬರೆದ. ನಾನು ಒಂದೊಂದು ಸಾಲನ್ನೂ ನಮ್ಮ ಭಾಷೆಯಲ್ಲಿ ಓದಿ ಹೇಳಿದೆ.

"ಮೊದಲಿಂದ ಇನ್ನೊಂದ್ಸಲ," ಎಂದಳು.

ಇನ್ನೊಂದು ಸಲ ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನಿಧಾನವಾಗಿ ಒಂದು ಕಾಲು ಒಳಗಿಟ್ಟಳು. ನಾನೂ ಆ ಯುವಕನೂ ಒಂದೊಂದು ಕೈ ಹಿಡಿದು ಇಳಿಸಿದೆವು. ಅವಳ ಅಂಗೈ ಕದದ ಅಂಚು ಒತ್ತಿ ಕೆಂಪಾಗಿತ್ತು.

"ಇದು ತೀರ್ಪಲ್ಲ," ಎಂದ ಯುವಕ, ಹಣೆ ಒರೆಸಿಕೊಳ್ಳುತ್ತಾ. "ಬರೀ ಹೇಳಿಕೆ. ವರ್ಷಗಟ್ಟಲೆ ಆಗಬಹುದು."

"ಪಾದ್ರಿಗೆ ತೋರಿಸೋಕೆ ಒಂದು ಪ್ರತಿ ಕೊಡು," ಎಂದಳು ಮಕ್ವಾಲಕ್ಕ ಅವನ ಭಾಷೆಯಲ್ಲಿ. "ಮೊಹರು ಹಾಕಿ ಕೊಡು. ನಾನೇ ತಗೊಂಡು ಹೋಗ್ತೀನಿ. ಆ ಬೇಲಿ ನನ್ನ ಮುಂದೆ ಕೀಳ್ಬೇಕು."